ಮಲೆನಾಡಿನ ಅಪ್ಪನಿಗೆ ಥ್ಯಾಂಕ್ಸ್ ಹೇಳುವುದು ಹೇಗೆ? ಮಳೆಗಾಲಕ್ಕೊಂದು ಕೈಪಿಡಿ

ನಮ್ಮ ಅಪ್ಪಯ್ಯನ ಬೀರುವಿನಲ್ಲಿ ಅಪ್ಪಂದಿರ ದಿನಕ್ಕೆ ನಾನು ಕೊಟ್ಟ ನಾಲ್ಕು ಶರ್ಟುಗಳಿವೆ. ನಾಲ್ಕೂ ಇನ್ನೂ ಕವರಿನಲ್ಲೇ ಇವೆ, ಗುಂಡುಪಿನ್ನು ಸಮೇತ. ಕೇಳಿದರೆ "ಮದುವೆ ಮನೆಗೆ ಹಾಕ್ತೇನೆ ಬಿಡು" ಅಂತಾರೆ. ನಾಲ್ಕು ವರ್ಷದಲ್ಲಿ ಏನಿಲ್ಲವೆಂದರೂ ಇಪ್ಪತ್ತು ಮದುವೆಗೆ ಹೋಗಿ ಬಂದಿದ್ದಾರೆ. ಹಾಕಿದ್ದು ಅದೇ ಹಳೇ ಬಿಳಿ ಅಂಗಿ. ಐದನೇ ವರ್ಷ ಸ್ಮಾರ್ಟ್ ವಾಚು ಕೊಟ್ಟೆ. ದಿನಕ್ಕೆ ಎಷ್ಟು ಹೆಜ್ಜೆ ನಡೆದಿದ್ದು ಅಂತ ತೋರಿಸುತ್ತದೆ ಅಂದೆ. "ನಡೆದವನಿಗೆ ಗೊತ್ತಿರಲ್ವಾ?" ಅಂದರು. ಆ ವಾಚು ಈಗ ನನ್ನ ಕೈಯಲ್ಲಿದೆ.

ಆರನೇ ವರ್ಷ ಏನೂ ತರಲಿಲ್ಲ. ರಜೆ ಹಾಕಿ ಬರಿಗೈಯಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿದೆ. ಮಾರನೇ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ, "ಕೊಳೆ ಔಷಧಿಗೆ ಸುಣ್ಣ ಎಷ್ಟು ಹಾಕ್ತೀಯ ಅಪ್ಪಯ್ಯ?" ಅಂತ ಸುಮ್ನೆ ಕೇಳಿದೆ. ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ರೋಗ. (ನಮ್ಮ ಕಡೆ ಎದುರಿಗೆ ಅಪ್ಪನಿಗೆ ನೀನು ಅಂತಲೇ ಹೇಳುವುದು. ಬರೆಯುವಾಗ ಮಾತ್ರ ಬಹುವಚನ.) ಅರ್ಧ ಗಂಟೆ ಮಾತಾಡಿದರು. ಕಾಫಿ ಆರಿ ತಣ್ಣಗಾಯಿತು. ನನಗೆ ನೆನಪಿರುವ ಮಟ್ಟಿಗೆ, ಅಷ್ಟು ಹೊತ್ತು ಅವರು ನನ್ನ ಹತ್ತಿರ ಒಟ್ಟಿಗೆ ಮಾತಾಡಿದ್ದು ಅದೇ ಮೊದಲು.

ನಮ್ಮ ಕಡೆಯ ಅಪ್ಪಂದಿರಿಗೆ ಏನಾದರೂ ಕೊಟ್ಟರೆ ಮುಜುಗರ. ಅವರಿಗೆ ಗೊತ್ತಿರುವುದನ್ನು ಕೇಳಿದರೆ ಖುಷಿ. ಕೆಳಗಿರುವ ಸಲಹೆಗಳೆಲ್ಲ ಆ ಒಂದು ವಿಷಯದ ಸುತ್ತಲೇ ಇವೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ

ಅಪ್ಪಂದಿರ ದಿನ ಬರುವುದು ಜೂನ್ ತಿಂಗಳ ಮೂರನೇ ಭಾನುವಾರ. ಇದು ಅಮೆರಿಕದಿಂದ ಬಂದ ಆಚರಣೆ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನಲ್ಲಿ ಸೊನೋರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳು 1910ರ ಜೂನ್ 19ರಂದು ಇದನ್ನು ಶುರು ಮಾಡಿಸಿದರು. ಅವರ ತಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಆರು ಮಕ್ಕಳನ್ನೂ ಅಪ್ಪನೇ ಸಾಕಿದ್ದ. ಅಲ್ಲಿನ ಸರ್ಕಾರ ಇದನ್ನು ಕಾಯಂ ಮಾಡಿದ್ದು 1972ರಲ್ಲಿ. ಅಂದರೆ ಅಮೆರಿಕದ ಅಪ್ಪಂದಿರೂ ಅರವತ್ತು ವರ್ಷ ಕಾದಿದ್ದಾರೆ.

ನಮಗೆ ತೊಂದರೆ ಏನೆಂದರೆ, ಆ ಭಾನುವಾರ ಬರುವುದು ಸರಿಯಾಗಿ ಮೃಗಶಿರ ಮಳೆಯ ಹೊತ್ತಿಗೆ. ಅಡಿಕೆ ತೋಟ ಇರುವ ಅಪ್ಪನಿಗೆ ಅದಕ್ಕಿಂತ ಬಿಡುವಿಲ್ಲದ ದಿನ ಇನ್ನೊಂದಿಲ್ಲ. ಮುಂಗಾರು ಹಿಡಿಯುವ ಮೊದಲೇ ಕೊಳೆರೋಗಕ್ಕೆ ಮೊದಲ ಸಲದ ಔಷಧಿ ಆಗಬೇಕು. ಆಳು ಸಿಗದೆ ಜೂನ್ ನಡುವಿನವರೆಗೆ ಎಳೆದವರು ದಿನವಿಡೀ ಆಕಾಶ ನೋಡುತ್ತಾ ಹೊಳವು, ಅಂದರೆ ಮಳೆಯ ಬಿಡುವು, ಕಾಯುತ್ತಿರುತ್ತಾರೆ. ಅಂಥ ದಿನ ನೀವು ಕೇಕ್ ಹಿಡಿದುಕೊಂಡು ಹೋದರೆ ಜಗಲಿಯಲ್ಲಿ ಅಮ್ಮನೊಬ್ಬರೇ ಸಿಗುತ್ತಾರೆ.

ಹಾಗಾಗಿ ಎರಡು ದಾರಿ. ಆ ಭಾನುವಾರವೇ ಹೋಗುವುದಾದರೆ ಕೆಲಸಕ್ಕೆ ಸೇರಿಕೊಳ್ಳುವ ಬಟ್ಟೆ ತೆಗೆದುಕೊಂಡು ಹೋಗಿ. ಇಲ್ಲವಾದರೆ ದಿನವನ್ನೇ ಬದಲಾಯಿಸಿ. ನನ್ನ ಮಟ್ಟಿಗೆ ಭೂಮಿ ಹುಣ್ಣಿಮೆಯಷ್ಟು ಒಳ್ಳೆಯ ದಿನ ಇನ್ನೊಂದಿಲ್ಲ. ಭೂಮಿತಾಯಿಯನ್ನು ಪೂಜಿಸುವ ಈ ಹಬ್ಬ ಅಕ್ಟೋಬರ್ ಆಸುಪಾಸು ಬರುತ್ತದೆ. ಮಳೆ ಹಿಂದಾಗಿರುತ್ತದೆ, ಅಡಿಕೆ ಕೊನೆ (ಗೊಂಚಲು) ಕೊಯ್ಲು ಇನ್ನೂ ಜೋರಾಗಿರುವುದಿಲ್ಲ. ಹೆಂಗಸರು ರಾತ್ರಿಯೆಲ್ಲ ಎದ್ದು ಅಡಿಗೆ ಮಾಡಿ, ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಗೆ ತುಂಬಿಟ್ಟಿರುತ್ತಾರೆ. ಬೆಳಗಿನ ಜಾವ ಗದ್ದೆಗೆ ಚರಗ (ಭೂಮಿಗೆ ಕೊಡುವ ಎಡೆ) ಚೆಲ್ಲಲು ಅಪ್ಪ ಹೊರಡುವಾಗ ಜೊತೆಗೆ ಹೋಗಿ. ಬುಟ್ಟಿ ನೀವು ಹೊತ್ತುಕೊಳ್ಳಿ. ಅಷ್ಟು ಸಾಕು, ಮಾತು ಬೇಡ.

ಫೋನಿನಲ್ಲಿ ಅಮ್ಮನ ಕೈಗೆ ದಾಟದಂತೆ ನೋಡಿಕೊಳ್ಳಿ

ಊರಿಗೆ ಹೋಗಲು ಆಗದವರು ಇಲ್ಲಿಂದ ಶುರು ಮಾಡಿ. ಅಪ್ಪನ ಫೋನು ಎಂದರೆ ನಲವತ್ತು ಸೆಕೆಂಡು. "ಹೂಂ. ಆರಾಮಾ? ಊಟ ಆಯ್ತಾ? ತಡಿ, ಅಮ್ಮಂಗೆ ಕೊಡ್ತೇನೆ." ನಿಮ್ಮ ಮನೆಯಲ್ಲೂ ಹೀಗೇ ಅಲ್ವಾ?

ತಪ್ಪು ನಮ್ಮ ಪ್ರಶ್ನೆಯಲ್ಲಿದೆ. "ಹೇಗಿದ್ದೀಯ?" ಅಂದರೆ "ಆರಾಮ" ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. ಮಳೆ ಕೇಳಿ. ಅದೂ "ಮಳೆ ಬಂತಾ?" ಅಂತಲ್ಲ, "ಎಷ್ಟು ಇಂಚು?" ಅಂತ. ಮಲೆನಾಡಿನಲ್ಲಿ ಅಂಗಳದ ಕಂಬಕ್ಕೆ ಮಳೆಮಾಪಕ ಕಟ್ಟಿ ದಿನಾ ಅಳೆದು ಡೈರಿಯಲ್ಲಿ ಬರೆದಿಡುವ ಅಪ್ಪಂದಿರು ಬೇಕಾದಷ್ಟು ಜನ ಇದ್ದಾರೆ. ಅಳತೆ ಈಗಲೂ ಇಂಚಿನಲ್ಲೇ, ಮಿಲಿಮೀಟರ್ ಏನಿದ್ದರೂ ಪೇಪರಿನವರಿಗೆ. ನಮ್ಮ ಅಪ್ಪಯ್ಯನ ಹತ್ತಿರ ಇಂಚು ಕೇಳಿದರೆ ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂಬುದೂ ಬರುತ್ತದೆ. ಅಲ್ಲಿಂದ ಹೊಳೆ, ಹೊಳೆಯಿಂದ ಗದ್ದೆ, ಗದ್ದೆಯಿಂದ ಪಕ್ಕದ ಮನೆಯವರ ಬೇಲಿ ಜಗಳ. ಮೊನ್ನೆ ಹನ್ನೊಂದು ನಿಮಿಷ ಆಯಿತು.

ಅಡಿಕೆ ರೇಟನ್ನೂ ಕೇಳಬಹುದು. ಆದರೆ ರಾಶಿ, ಬೆಟ್ಟೆ, ಸರಕು, ಗೊರಬಲು ಇವುಗಳಲ್ಲಿ ಯಾವುದರ ರೇಟು ಅಂತ ತಿಳಿದು ಕೇಳಿ. "ಅಡಿಕೆಗೆ ಎಷ್ಟಾಯ್ತು?" ಅಂತ ಮೊಗಮ್ಮಾಗಿ ಕೇಳಿದರೆ, ಈ ಹುಡುಗ ಪೂರ್ತಿ ಬೆಂಗಳೂರಿನವನಾದ ಅಂದುಕೊಳ್ಳುತ್ತಾರೆ.

ಮಧ್ಯಾಹ್ನ ಊಟ ಮಾಡಿ ಸ್ವಲ್ಪ ಅಡ್ಡಾಗಿ ಏಳುವ ಹೊತ್ತು ಫೋನಿಗೆ ಒಳ್ಳೆಯದು. ಮಳೆಗಾಲದಲ್ಲಿ ರಾತ್ರಿ ಮಾಡಿದರೆ ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ.

ಒಂದು ದಿನ ಅವರ ಕೈಕೆಳಗೆ ಕೆಲಸ ಮಾಡಿ

ಇದು ಮುಖ್ಯವಾದದ್ದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀವು ಯಜಮಾನರಾಗಬೇಡಿ. "ನೀನು ಕೂತ್ಕೋ, ನಾನು ಮಾಡ್ತೇನೆ" ಅನ್ನುವುದು ಪ್ರೀತಿಯ ಮಾತು ಅಂತ ನಮಗೆ ಅನಿಸುತ್ತದೆ. ಅವರಿಗೆ ಅದು, ನಿನಗೆ ವಯಸ್ಸಾಯಿತು ಅಂದ ಹಾಗೆ ಕೇಳಿಸುತ್ತದೆ. "ಏನು ಮಾಡ್ಲಿ ಹೇಳು" ಅನ್ನಿ. ಆಮೇಲೆ ಹೇಳಿದ್ದನ್ನು ಮಾಡಿ. ಬೈದರೆ ಬೈಸಿಕೊಳ್ಳಿ.

ಔಷಧಿ ದಿನ ನಾನು ಕಲಿತದ್ದು ಇದು. ಶೇಕಡಾ ಒಂದರ ಬೋರ್ಡೋ ದ್ರಾವಣ ಎಂದರೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡನ್ನೂ ಒಂದೇ ಡ್ರಮ್ಮಿಗೆ ಹಾಕಿ ಕಲಕುವುದಲ್ಲ. ಐವತ್ತು ಲೀಟರಿನಲ್ಲಿ ತುತ್ತ, ಇನ್ನೊಂದು ಐವತ್ತು ಲೀಟರಿನಲ್ಲಿ ಸುಣ್ಣ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯಬೇಕು, ಇನ್ನೊಬ್ಬರು ಕೋಲಿನಿಂದ ಕದಡುತ್ತಲೇ ಇರಬೇಕು. ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು, ಕಬ್ಬಿಣದ್ದು ಬೇಡ. ಕದಡುವ ಕೆಲಸ ನನ್ನದು. ನೀಲಿ ನೀರು ಬಿಳಿ ನೀರಿಗೆ ಬಿದ್ದು ತಿಳಿ ಆಕಾಶದ ಬಣ್ಣಕ್ಕೆ ತಿರುಗುತ್ತಾ ಬಂತು. ಅಪ್ಪಯ್ಯ ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದರು. ಕತ್ತಿಯ ಬಾಯಿಯನ್ನು ಪಂಚೆಗೆ ಒರೆಸಿ ದ್ರಾವಣದಲ್ಲಿ ಅದ್ದಿ ಹಿಡಿದರು. ಸ್ವಲ್ಪ ಹೊತ್ತು ಬಿಟ್ಟು ಮೇಲೆತ್ತಿ ಬೆಳಕಿಗೆ ತಿರುಗಿಸಿದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಎಳೆಯಾಗಿ ಕೂತಿತ್ತು.

"ಸುಣ್ಣ ಸಾಲ್ಲಿಲ್ಲ" ಅಂದರು.

ಇನ್ನೊಂದು ಬೊಗಸೆ ಸುಣ್ಣದ ತಿಳಿ ಹಾಕಿ, ಮತ್ತೆ ಕದಡಿ, ಮತ್ತೆ ಕತ್ತಿ ಅದ್ದಿದರು. ಈ ಸಲ ಬಣ್ಣ ಹತ್ತಲಿಲ್ಲ. ಸುಣ್ಣ ಕಡಿಮೆಯಾದರೆ ತುತ್ತದ ಖಾರ ಉಳಿದು ಎಳೆ ಕಾಯಿ ಸುಡುತ್ತದೆ, ಅದಕ್ಕೆ ಈ ಪರೀಕ್ಷೆ. ಮೂರನೇ ಡ್ರಮ್ಮಿಗೆ ಕತ್ತಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ನೋಡು" ಅಂದರು. ನನಗೆ ಈವರೆಗೆ ಸಿಕ್ಕ ಯಾವ ಪ್ರಮೋಷನ್ನೂ ಅಷ್ಟು ಖುಷಿ ಕೊಟ್ಟಿಲ್ಲ. ಥ್ಯಾಂಕ್ಸ್ ಹೇಳಲು ಹೋದವನು ನಾನು, ಸಿಕ್ಕಿದ್ದು ನನಗೇ. ಇರಲಿ.

ಒಂದೇ ಎಚ್ಚರಿಕೆ. ಮರ ಹತ್ತಲು ಹೋಗಬೇಡಿ. ಅದು ಗೊತ್ತಿರುವವರ ಕೆಲಸ. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಔಷಧಿ ಹೊಡೆಯಬಹುದು. ಅದನ್ನೂ ಅಪ್ಪ ಹೇಳಿಕೊಟ್ಟರೆ ಮಾತ್ರ ಮುಟ್ಟಿ.

ತೋಟ ಇಲ್ಲದ ಅಪ್ಪಂದಿರಿಗೂ ಇದೇ ಲೆಕ್ಕ. ಶಿವಮೊಗ್ಗದಲ್ಲಿ ಅಂಗಡಿ ಇಟ್ಟವರಾದರೆ ಸಂಜೆ ಒಂದು ಗಂಟೆ ಗಲ್ಲಾದ ಹತ್ತಿರ ಕೂತು ಲೆಕ್ಕ ಬರೆಯಿರಿ. ನೌಕರಿಯಿಂದ ನಿವೃತ್ತರಾದವರಾದರೆ ನಿಮ್ಮ ಬ್ಯಾಂಕಿನ ಕಾಗದಪತ್ರ ತೆಗೆದುಕೊಂಡು ಹೋಗಿ, "ಇದು ಸ್ವಲ್ಪ ನೋಡಿಕೊಡು" ಅನ್ನಿ. ಕನ್ನಡಕ ಹುಡುಕಿಕೊಂಡು ಬರುವ ಉತ್ಸಾಹ ನೋಡಬೇಕು.

ಕೊಡಲೇಬೇಕು ಅನಿಸಿದರೆ ಏನು ಕೊಡುವುದು

ಶರ್ಟು ಬೇಡ, ಹೇಳಿದೆನಲ್ಲ. ಬಳಸಿ ಸವೆಯುವ ಸಾಮಾನು ಕೊಡಿ. ಉಂಬಳ (ಜಿಗಣೆ) ಹತ್ತದಂತೆ ಮೊಣಕಾಲಿನವರೆಗೆ ಬರುವ ಗಂಬೂಟು, ಹಣೆಗೆ ಕಟ್ಟಿಕೊಳ್ಳುವ ಟಾರ್ಚು, ಗಟ್ಟಿ ಕೊಡೆ. ಗಂಬೂಟಿನ ಅಳತೆ ಅಮ್ಮನನ್ನು ಕೇಳಿ ತಿಳಿದುಕೊಳ್ಳಿ. ಅಪ್ಪನನ್ನು ಕೇಳಿದರೆ "ಇದ್ದಿದ್ದೇ ಇದೆ, ಸುಮ್ನೆ ದುಡ್ಡು ದಂಡ" ಅನ್ನುತ್ತಾರೆ. ಇದ್ದಿದ್ದರ ಹಿಮ್ಮಡಿ ಒಡೆದು ಎರಡು ಮಳೆಗಾಲ ಆಗಿರುತ್ತದೆ. ಕೊಡುವಾಗ ಬಣ್ಣದ ಕಾಗದ ಸುತ್ತಬೇಡಿ. ಚೀಲದಿಂದ ತೆಗೆದು ಜಗಲಿಯ ಮೂಲೆಗಿಟ್ಟು ಸುಮ್ಮನಿರಿ. ಮರುದಿನ ಅದು ಕೆಸರಾಗಿದ್ದರೆ ನಿಮ್ಮ ಕೆಲಸ ಆಯಿತು.

ಸಾಮಾನಿಗಿಂತ ರಿಪೇರಿ ಒಳ್ಳೆಯದು. ತೋಟಕ್ಕೆ ಹೋಗುವ ದಾರಿಯಲ್ಲಿ ಸಂಕದ (ಕಾಲುಸೇತುವೆಯ) ದಬ್ಬೆ ಹಳತಾಗಿದ್ದರೆ ಮಳೆಗೆ ಮೊದಲೇ ಬದಲಾಯಿಸಿ. ಬಚ್ಚಲಲ್ಲಿ ಒಂದು ಹಿಡಿಕೆ ಹಾಕಿಸಿ. ಹಾವಸೆ (ಪಾಚಿ) ಹಿಡಿದ ಅಂಗಳದಲ್ಲಿ ಜಾರುವುದು ನಮ್ಮ ಊರುಗಳಲ್ಲಿ ಪ್ರತಿ ಮಳೆಗಾಲದ ಕತೆ. ಅಲ್ಲಿ ಉಜ್ಜಿ ಸುಣ್ಣ ಎರಚುವುದಕ್ಕೆ ಅರ್ಧ ದಿನ ಸಾಕು.

ಕೇಳಿ, ರೆಕಾರ್ಡ್ ಮಾಡಿಕೊಳ್ಳಿ

ಇದನ್ನು ಕಲಿತದ್ದು ನನ್ನ ಹೆಂಡತಿಯ ಅಪ್ಪನಿಂದ. ಮಾವನವರದು ಸಾಗರದ ಕಡೆ. ಹುಟ್ಟಿದ ಊರು ಈಗ ಶರಾವತಿ ಹಿನ್ನೀರಿನ ತಳದಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ಏರಿದಾಗ ಅವರಿಗೆ ಏಳೆಂಟು ವರ್ಷ. ಮದುವೆಯಾಗಿ ಎಂಟು ವರ್ಷವಾದರೂ ಅವರ ಬಾಯಿಂದ ಆ ಊರಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

"ನಿಮ್ಮ ಹಳೇ ಊರಿನ ಕತೆ ಹೇಳಿ ಮಾವ" ಅಂದರೆ "ಏನಿದೆ ಹೇಳೋಕೆ" ಅಂದುಬಿಡುತ್ತಿದ್ದರು. ಕೊನೆಗೆ ಕೆಲಸ ಮಾಡಿದ್ದು ಒಂದು ಸಣ್ಣ ಪ್ರಶ್ನೆ. "ಆ ಮನೆಯಲ್ಲಿ ಬಾವಿ ಯಾವ ಕಡೆ ಇತ್ತು?" ಒಂದು ಕಡ್ಡಿ ತೆಗೆದುಕೊಂಡು ಅಂಗಳದಲ್ಲಿ ಗೆರೆ ಎಳೆಯಲು ಶುರು ಮಾಡಿದರು. ಬಾವಿ, ಕೊಟ್ಟಿಗೆ, ಅಲ್ಲಿಂದ ಶಾಲೆ, ಶಾಲೆಯ ಹಿಂದೆ ಹೊಳೆ. ಮೂರು ಹಲಸಿನ ಮರ. ಒಂದೊಂದರ ರುಚಿ ಬೇರೆ ಬೇರೆ. ಮಧ್ಯದ ಮರದ ಹಣ್ಣು ಬಕ್ಕೆ (ಗಟ್ಟಿ ತೊಳೆಯದು), ಅದನ್ನು ಕೀಳಲು ಹೋಗಿ ಬಿದ್ದ ಗಾಯ ಮೊಣಕೈಯಲ್ಲಿ ಇನ್ನೂ ಇದೆ, ತೋರಿಸಿದರು. ನನ್ನ ಹೆಂಡತಿಗೆ ಆ ಗಾಯದ ಕತೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಹಾಗಾಗಿ ದೊಡ್ಡ ಪ್ರಶ್ನೆ ಕೇಳಬೇಡಿ. ಜಾಗ ಕೇಳಿ, ಬೆಲೆ ಕೇಳಿ, ಯಾರ ಜೊತೆ ಹೋಗಿದ್ದು ಅಂತ ಕೇಳಿ. ಮೊದಲ ಸಲ ಶಿವಮೊಗ್ಗಕ್ಕೆ ಹೋಗಿದ್ದು ಯಾವಾಗ, ಯಾವ ಬಸ್ಸು, ಎಲ್ಲಿ ಊಟ ಮಾಡಿದಿರಿ? ಈ ತೆಂಗಿನ ಮರ ನೆಟ್ಟಿದ್ದು ಯಾರು? ಮೊದಲ ಸಲ ಸ್ವಂತ ಅಡಿಕೆ ಮಾರಿದ ದುಡ್ಡಿನಲ್ಲಿ ಏನು ತಗೊಂಡಿರಿ? ಫೋನಿನಲ್ಲಿ ರೆಕಾರ್ಡರ್ ಇದೆ. ಅವರಿಗೆ ಹೇಳಿಯೇ ಆನ್ ಮಾಡಿ, ಬೋರಲು ಹಾಕಿ ಪಕ್ಕಕ್ಕಿಡಿ. ಎರಡು ನಿಮಿಷದಲ್ಲಿ ಅದನ್ನು ಮರೆತುಬಿಡುತ್ತಾರೆ. ಮನೆಗೆ ಬಂದ ಮೇಲೆ ಫೈಲಿಗೆ ತಾರೀಕು, ವಿಷಯ ಸೇರಿಸಿ ಹೆಸರಿಡಿ. ಅಣ್ಣ ತಂಗಿಯರಿಗೂ ಕಳಿಸಿ. ನನ್ನ ಹತ್ತಿರ ಹೆಸರಿಲ್ಲದೆ ಬಿದ್ದಿದ್ದ ಮೂರು ರೆಕಾರ್ಡಿಂಗು ಹಳೇ ಫೋನಿನ ಜೊತೆಗೇ ಹೋದವು. ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ.

ಕರೆದುಕೊಂಡು ಹೋಗಿ, ಅವರು ಹೇಳಿದ ಕಡೆಗೆ

ಟೂರ್ ಪ್ಯಾಕೇಜು ಎಲ್ಲರಿಗೂ ಹಿಡಿಸುವುದಿಲ್ಲ. ದನಕ್ಕೆ ಹುಲ್ಲು ಹಾಕುವವರು ಯಾರು ಎಂಬ ಚಿಂತೆಯಲ್ಲೇ ಅರ್ಧ ಪ್ರವಾಸ ಮುಗಿಯುತ್ತದೆ. ಬೆಳಿಗ್ಗೆ ಹೋಗಿ ಸಂಜೆಗೆ ಕೊಟ್ಟಿಗೆ ಸೇರುವಂತಿರಲಿ.

ಮಾವನವರನ್ನು ಸಿಗಂದೂರು ಸೇತುವೆಗೆ ಕರೆದುಕೊಂಡು ಹೋಗಿದ್ದೆವು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಈ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆ ಆಯಿತು. ಹತ್ತಿರಹತ್ತಿರ ಎರಡೂವರೆ ಕಿಲೋಮೀಟರ್ ಉದ್ದ. ಅಲ್ಲಿಯವರೆಗೆ ಶರಾವತಿ ಹಿನ್ನೀರು ದಾಟಿಸುವ ಲಾಂಚಿಗೆ ಕಾಯುವುದೇ ಆ ಕಡೆಯವರ ಬದುಕಾಗಿತ್ತು. ಅರ್ಧ ದಾರಿಯಲ್ಲಿ ಕಾರು ನಿಧಾನ ಮಾಡಲು ಹೇಳಿದರು. ಕಿಟಕಿಯಿಂದ ನೀರು ನೋಡುತ್ತಾ, "ನೆಂಟರ ಮನೆ ಊಟ ತಪ್ಪಿಸ್ಕೊಳ್ಳೋಕೆ ಲಾಂಚ್ ಸಿಗ್ಲಿಲ್ಲ ಅಂತಿದ್ವಿ. ಇನ್ನು ಅದೂ ಹೇಳೋ ಹಾಗಿಲ್ಲ" ಅಂದರು. ಅಷ್ಟೇ. ಬೇರೇನೂ ಹೇಳಲಿಲ್ಲ. ಬೇಸಿಗೆಯಲ್ಲಿ ಹೋಗಿ. ನೀರು ಇಳಿದಾಗ ಹಿನ್ನೀರಿನಲ್ಲಿ ಹಳೇ ಮರಗಳ ಬೊಡ್ಡೆ ಕಾಣುತ್ತದೆ. ಆ ಕಡೆಯ ಅಪ್ಪಂದಿರಿಗೆ ಅವು ಗುರುತು ಸಿಗುತ್ತವೆ.

ವಿಮಾನ ಹತ್ತದ ಅಪ್ಪನಿದ್ದರೆ ಸೋಗಾನೆಯಲ್ಲಿ 2023ರಿಂದ ಕುವೆಂಪು ವಿಮಾನ ನಿಲ್ದಾಣ ಇದೆ. ಒಮ್ಮೆ ಕೂರಿಸಿ. ಕಿಟಕಿ ಸೀಟು ಕೊಡಿಸಿ.

ಡಾಕ್ಟರ ಹತ್ತಿರ ಒಯ್ಯುವುದು

ಇದಕ್ಕೆ ಸ್ವಲ್ಪ ಉಪಾಯ ಬೇಕು. "ನಿನ್ನ ಬಿ.ಪಿ. ಚೆಕ್ ಮಾಡಿಸ್ಬೇಕು" ಅಂದರೆ ಬರುವುದಿಲ್ಲ. "ನನಗೆ ಸೊಂಟ ನೋವು, ಜೊತೆಗೆ ಬಾ" ಅಂದರೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ. ಅಲ್ಲಿಗೆ ಹೋದ ಮೇಲೆ ಇಬ್ಬರದೂ ಚೆಕ್ ಮಾಡಿಸಿ. ಬಿ.ಪಿ., ಶುಗರು, ಕಣ್ಣು. ಟಿ.ವಿ. ಸೌಂಡು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಕಿವಿಯನ್ನೂ ತೋರಿಸಿ. ಕವಳ (ಎಲೆ ಅಡಿಕೆ) ಹಾಕುವ ಅಪ್ಪನಾದರೆ ಬಾಯಿಯನ್ನೂ ನೋಡಿಸಿ. ಎರಡು ವಾರ ದಾಟಿಯೂ ಮಾಯದ ಹುಣ್ಣು ಇದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಅಡಿಕೆ ಬೆಳೆದೇ ನಮ್ಮನ್ನು ಓದಿಸಿದವರ ಹತ್ತಿರ ಇದನ್ನು ಹೇಳುವುದು ಕಷ್ಟ, ನನಗೂ ಗೊತ್ತು. ಆದರೂ ಹೇಳಿ.

ದರಗು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವವರಾದರೆ ಇನ್ನೊಂದು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರಿನಿಂದ ಮೇವರೆಗೆ ಅದನ್ನು ಹರಡುವ ಉಣುಗಿನ (ಉಣ್ಣೆಯ) ಕಾಟ ಜಾಸ್ತಿ. ಕೈಕಾಲಿಗೆ ಹಚ್ಚುವ ಎಣ್ಣೆ ಬಗ್ಗೆ ಊರಿನ ಆರೋಗ್ಯ ಕೇಂದ್ರದಲ್ಲಿ ಕೇಳಿ. ತಂದು ಕತ್ತಿ ಇಡುವ ಜಾಗದಲ್ಲೇ ಇಡಿ. ಬೇರೆಲ್ಲಿ ಇಟ್ಟರೂ ಮರೆಯುತ್ತಾರೆ.

ಅಪ್ಪನಂಥವರು

ಮಲೆನಾಡಿನ ಮಕ್ಕಳಿಗೆ ಒಬ್ಬನೇ ಅಪ್ಪ ಇರುವುದು ಕಡಿಮೆ. ಹೈಸ್ಕೂಲು ದೂರ, ಕಾಲೇಜು ಇನ್ನೂ ದೂರ. ನನ್ನ ಪಿಯುಸಿ ಎರಡು ವರ್ಷ ಶಿವಮೊಗ್ಗದ ಸೋದರಮಾವನ ಮನೆಯಲ್ಲಿ ಆಯಿತು. ಎರಡು ರೂಮಿನ ಬಾಡಿಗೆ ಮನೆ, ಅವರದೇ ಮೂರು ಮಕ್ಕಳು. ಒಂದು ದಿನವೂ ಲೆಕ್ಕ ಹೇಳಲಿಲ್ಲ. ನಾನು ಕೂಡ ಒಂದು ದಿನವೂ ಥ್ಯಾಂಕ್ಸ್ ಹೇಳಲಿಲ್ಲ.

ಅಂಥವರ ಪಟ್ಟಿ ಒಂದು ಮಾಡಿ. ಓದಿಸಿದ ಚಿಕ್ಕಪ್ಪ, ಫೀಸು ಕಟ್ಟಿದ ಮೇಷ್ಟ್ರು, ಹೊಳೆಯಲ್ಲಿ ಈಜು ಕಲಿಸಿದ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ, ಜಡಿಮಳೆಯ ರಾತ್ರಿ ಜೀಪು ತೆಗೆದು ಆಸ್ಪತ್ರೆಗೆ ಮುಟ್ಟಿಸಿದ ಪಕ್ಕದ ಮನೆಯವರು. ಅಪ್ಪನಿಲ್ಲದ ಮನೆಯಲ್ಲಿ ಆಳುಗಳ ಲೆಕ್ಕ, ಮಂಡಿ ವ್ಯವಹಾರ ಎಲ್ಲ ನೋಡಿಕೊಂಡ ಅಮ್ಮ, ದೊಡ್ಡಮ್ಮಂದಿರನ್ನೂ ಸೇರಿಸಿ.

ಇವರಿಗೆ ಬಾಯಿಬಿಟ್ಟು ಹೇಳಬೇಕು. ಅಪ್ಪನಿಗೆ ಹೇಳದಿದ್ದರೂ ನಡೆಯುತ್ತದೆ. ಇವರಿಗೆ, ತಾವು ಮಾಡಿದ್ದು ನಮಗೆ ನೆನಪಿದೆ ಅಂತ ಗೊತ್ತಾಗಲು ಬೇರೆ ದಾರಿ ಇಲ್ಲ. ಹೇಳುವಾಗ "ನಿಮ್ಮಿಂದ ತುಂಬಾ ಉಪಕಾರ ಆಯ್ತು" ಅನ್ನಬೇಡಿ, ಅದು ಭಾಷಣವಾಗುತ್ತದೆ. ಒಂದು ಘಟನೆ ಹೇಳಿ. ನಾನು ಸೋದರಮಾವನಿಗೆ ಹೇಳಿದ್ದು ಇಷ್ಟೇ: "ಪರೀಕ್ಷೆ ದಿನ ಸೈಕಲ್ ಪಂಕ್ಚರ್ ಆಗಿತ್ತಲ್ಲ ಮಾವ, ನೀವು ಡ್ಯೂಟಿಗೆ ಲೇಟಾದರೂ ಪರವಾಗಿಲ್ಲ ಅಂತ ಸ್ಕೂಟರಲ್ಲಿ ಬಿಟ್ಟಿದ್ರಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಸ್ಕೂಟರಿನ ಬ್ರೇಕ್ ಸರಿ ಇರಲಿಲ್ಲ ಕಣೋ" ಅಂದರು.

ಹೋಗುವಾಗ ಕೈಯಲ್ಲಿ ಮನೆಯದೇ ಏನಾದರೂ ಇರಲಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಳೆಗಾಲವಾದರೆ ಒಂದು ಕಟ್ಟು ಕೆಸುವಿನ ಸೊಪ್ಪು. ಪೇಟೆಯಲ್ಲಿರುವವರಿಗೆ ಪತ್ರೊಡೆ ಸೊಪ್ಪು ಸ್ವೀಟ್ ಬಾಕ್ಸಿಗಿಂತ ಮೇಲು.

ಅಪ್ಪ ಇಲ್ಲದವರು

ನನ್ನ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ಅಪ್ಪನನ್ನು ಕಳೆದುಕೊಂಡ. ಅವನ ಅಪ್ಪನೂ ಮಳೆ ಬರೆಯುವವರೇ. ಗೋಡೆ ಬೀರುವಿನಲ್ಲಿ ಡೈರಿಗಳ ಸಾಲೇ ಇತ್ತು. ಏನು ಮಾಡಲಿ ಅಂತ ಕೇಳಿದ. ಮುಂದುವರಿಸು ಅಂದೆ. ಕೆಲಸ ಸುಲಭ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಾಪಕ ನೋಡುವುದು, ಬರೆಯುವುದು, ನೀರು ಚೆಲ್ಲಿ ಮತ್ತೆ ಇಡುವುದು. ಊರಲ್ಲಿ ಇಲ್ಲದ ದಿನ ಅಮ್ಮ ಫೋನಿನಲ್ಲಿ ಹೇಳುತ್ತಾರೆ.

ಹೋದ ಮಳೆಗಾಲದಲ್ಲಿ ಅವನ ಮನೆಗೆ ಹೋದಾಗ ಡೈರಿ ತೆಗೆದು ನೋಡಿದೆ. ಒಂದು ಪುಟದ ಅರ್ಧದವರೆಗೆ ಕಪ್ಪು ಶಾಯಿ, ಗುಂಡು ಅಕ್ಷರ. ಕೆಳಗೆ ನಾಲ್ಕು ಸಾಲು ಖಾಲಿ. ಆಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಇವನ ಕೋಳಿಕಾಲು ಅಕ್ಷರ: "ಒಂದೂವರೆ ಇಂಚು. ರಾತ್ರಿಯಿಡೀ ಗಾಳಿ. ಕರೆಂಟಿಲ್ಲ. ಮೇಲಿನ ತೋಟದಲ್ಲಿ ಎರಡು ಮರ ಬಿತ್ತು."